ನೆಟ್‌ವರ್ಕ್ ಫೈರ್ ಪ್ಯಾನಲ್‌ಗೆ ಹೊಸ ಫರ್ಮ್‌ವೇರ್: ಕರಾವಳಿ ಮತ್ತು ಘಟ್ಟದ ಮೇಂಟೆನೆನ್ಸ್‌ನವರಿಗೆ ಪೂರ್ತಿ ಮಾರ್ಗದರ್ಶಿ

ಕಟ್ಟಡ ದೊಡ್ಡದಾದ ಹಾಗೆ ಒಂದು ಫೈರ್ ಪ್ಯಾನಲ್, ಅಂದರೆ ಡಿಟೆಕ್ಟರುಗಳ ಸುದ್ದಿ ತೆಗೆದುಕೊಂಡು ಅಲಾರ್ಮ್ ಕೂಗಿಸುವ ಪೆಟ್ಟಿಗೆ, ಸಾಲುವುದಿಲ್ಲ. ಆಸ್ಪತ್ರೆಯ ಒಪಿಡಿಗೆ ಒಂದು, ವಾರ್ಡ್ ಬ್ಲಾಕಿಗೆ ಒಂದು, ಹಾಸ್ಟೆಲಿಗೆ ಇನ್ನೊಂದು. ಎಲ್ಲವನ್ನೂ ನೆಟ್‌ವರ್ಕ್ ಕೇಬಲಿನಿಂದ ಜೋಡಿಸಿರುತ್ತಾರೆ. ಗೇಟಿನ ಪಕ್ಕದ ಸೆಕ್ಯುರಿಟಿ ರೂಮಿನಲ್ಲಿ ಕೂತವನಿಗೆ ಎಲ್ಲಿ ಹೊಗೆ ಬಂತು ಅಂತ ಒಂದೇ ಸ್ಕ್ರೀನಿನಲ್ಲಿ ಗೊತ್ತಾಗುತ್ತದೆ. ಈ ಪ್ಯಾನಲ್‌ಗಳ ಒಳಗೂ ಒಂದು ಸಾಫ್ಟ್‌ವೇರ್ ಓಡುತ್ತಿರುತ್ತದೆ, ಅದೇ ಫರ್ಮ್‌ವೇರ್. ಅದಕ್ಕೂ ಫೋನಿಗೆ ಬಂದ ಹಾಗೆ ಹೊಸ ವರ್ಷನ್ ಬರುತ್ತದೆ. ಆದರೆ ಫೋನನ್ನು ರಾತ್ರಿ ಚಾರ್ಜಿಗೆ ಹಾಕಿ ಮಲಗಿದ ಹಾಗೆ ಇದನ್ನು ಮಾಡಲು ಬರುವುದಿಲ್ಲ.

ಕಾರಣ ಇಷ್ಟೇ. ಫರ್ಮ್‌ವೇರ್ ಏರುತ್ತಿರುವಾಗ ಆ ಪ್ಯಾನಲ್ ಕುರುಡು. ಲೂಪಿನ (ಡಿಟೆಕ್ಟರುಗಳನ್ನು ಪ್ಯಾನಲ್‌ಗೆ ಜೋಡಿಸುವ ತಂತಿಯ) ಮೇಲಿರುವ ಯಾವ ಡಿಟೆಕ್ಟರನ್ನೂ ಅದು ಕೇಳುವುದಿಲ್ಲ, ಯಾರಾದರೂ ಗಾಜು ಒತ್ತಿದರೂ ಹೂಟರ್ ಕೂಗುವುದಿಲ್ಲ. ಕೆಲವು ಪ್ಯಾನಲ್‌ಗೆ ಇದು ಐದು ನಿಮಿಷದ ಮಾತು, ಕೆಲವಕ್ಕೆ ಮುಕ್ಕಾಲು ಗಂಟೆ. ಫೈಲ್ ಕಳಿಸುವುದು ಯಾರಿಗಾದರೂ ಬರುತ್ತದೆ. ಆ ಕುರುಡು ಹೊತ್ತನ್ನು ಚಿಕ್ಕದು ಮಾಡುವುದು, ಆ ಹೊತ್ತಿನಲ್ಲಿ ಕಟ್ಟಡ ಕಾಯುವುದು, ಕಣ್ಣು ನಿಜವಾಗಿ ವಾಪಸ್ ಬಂದಿದೆಯಾ ಅಂತ ಪರೀಕ್ಷೆ ಮಾಡುವುದು, ಕೆಲಸ ಇರುವುದು ಇಲ್ಲಿ.

ಇದು ಫರ್ಮ್‌ವೇರ್ ತೊಂದರೆಯೇ ಹೌದಾ?

ಜೂನ್ ಶುರುವಾದರೆ ಫೋನ್ ಬರುತ್ತದೆ. "ಅಣ್ಣಾ, ಎರಡನೇ ಲೂಪಲ್ಲಿ ಅರ್ತ್ ಫಾಲ್ಟ್ ಬಂದು ಬಂದು ಹೋಗ್ತದೆ. ಅಪ್‌ಡೇಟ್ ಹೊಡೆದ್ರೆ ಸರಿ ಆಗ್ತದಾ?" ಆಗುವುದಿಲ್ಲ ಮಾರಾಯ. ಅರ್ತ್ ಫಾಲ್ಟ್ ಅಂದರೆ ತಂತಿ ಎಲ್ಲೋ ನೆಲಕ್ಕೆ ತಾಗಿದೆ ಅಂತ. ಮಳೆ ಬಂದಾಗ ಬರುವ, ಬಿಸಿಲು ಬಿದ್ದಾಗ ಹೋಗುವ ಫಾಲ್ಟ್ ತಂತಿಯದ್ದು. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ, ಅದರ ಮೇಲೆ ಸಮುದ್ರದ ಉಪ್ಪು ಗಾಳಿ. ಹೊರಗೋಡೆಯ ಮೇಲಿನ ಮ್ಯಾನುವಲ್ ಕಾಲ್ ಪಾಯಿಂಟ್ (ಗಾಜು ಒತ್ತಿ ಅಲಾರ್ಮ್ ಕೊಡುವ ಡಬ್ಬಿ) ಒಂದನ್ನು ಬಿಚ್ಚಿ ನೋಡಿ. ಟರ್ಮಿನಲ್ ಸ್ಕ್ರೂ ಕೆಳಗೆ ತಾಮ್ರ ಹಸಿರು ಹಿಡಿದು ಪುಡಿಯಾಗಿರುತ್ತದೆ. ಡಬ್ಬಿಯ ತಳದಲ್ಲಿ ಒಂದು ಚಮಚ ನೀರು, ಅದರೊಳಗೆ ಸತ್ತ ಇರುವೆ. ಇದನ್ನು ಬಿಟ್ಟು ಪ್ಯಾನಲ್‌ಗೆ ಎಷ್ಟು ಹೊಸ ವರ್ಷನ್ ಹಾಕಿದರೂ ಮುಂದಿನ ಮಳೆಗೆ ಅದೇ ಫಾಲ್ಟ್.

ಅರ್ತ್ ಫಾಲ್ಟ್ ಹುಡುಕುವ ಬಗೆ ಹೀಗೆ. ಮಲ್ಟಿಮೀಟರನ್ನು ಡಿಸಿಗೆ ಇಟ್ಟು ಪ್ಯಾನಲ್‌ನ ಪ್ಲಸ್‌ನಿಂದ ಅರ್ತಿಗೆ, ಮೈನಸ್‌ನಿಂದ ಅರ್ತಿಗೆ ಅಳೆಯಿರಿ. ಯಾವ ಕಡೆ ಸೊನ್ನೆಯ ಹತ್ತಿರ ಬರುತ್ತದೋ ಆ ಕಡೆ ನೆಲಕ್ಕೆ ತಾಗಿದೆ ಅಂತ ಲೆಕ್ಕ. ಆಮೇಲೆ ಒಂದೊಂದೇ ಸರ್ಕ್ಯೂಟ್ ಬಿಚ್ಚುತ್ತಾ ಬನ್ನಿ. ಪ್ರತಿ ಸಲ ಒಂದೆರಡು ನಿಮಿಷ ಕಾಯಬೇಕು, ಯಾಕೆಂದರೆ ಸ್ಕ್ರೀನಿನಿಂದ ಫಾಲ್ಟ್ ತಕ್ಷಣ ಅಳಿಯುವುದಿಲ್ಲ. ಫಾಲ್ಟ್ ಇರುವ ಲೂಪ್ ಸಿಕ್ಕ ಮೇಲೆ ನಡುವಿನಲ್ಲಿ ಕಡಿದು ಅರ್ಧರ್ಧ ಮಾಡಿ ಹುಡುಕಿ. ಡಿಟೆಕ್ಟರ್, ಮಾಡ್ಯೂಲ್ ಎಲ್ಲ ಸಿಕ್ಕಿಸಿಟ್ಟ ಲೂಪಿಗೆ 500 ವೋಲ್ಟಿನ ಮೆಗ್ಗರ್ (ತಂತಿಯ ಇನ್ಸುಲೇಷನ್ ಅಳೆಯುವ ಮೀಟರ್) ಮಾತ್ರ ಹಚ್ಚಬೇಡಿ. ಒಳಗಿನ ಎಲೆಕ್ಟ್ರಾನಿಕ್ಸ್ ಸುಟ್ಟು ಹೋಗುತ್ತದೆ.

ಬ್ಯಾಟರಿಯೂ ಹಾಗೆಯೇ. ರಾತ್ರಿ ಕರೆಂಟ್ ಹೋದಾಗ ಪ್ಯಾನಲ್ ತಾನಾಗಿ ರಿಸ್ಟಾರ್ಟ್ ಆಗುತ್ತದೆ ಅಂದರೆ ಮೊದಲ ಅನುಮಾನ ಬ್ಯಾಟರಿ ಮೇಲೆ ಇರಲಿ. 12 ವೋಲ್ಟಿನ ಎರಡು ಬ್ಯಾಟರಿ ಸೀರೀಸಿನಲ್ಲಿ ಇರುತ್ತವೆ, ಚಾರ್ಜರ್ ಮೇಲೆ 27 ವೋಲ್ಟ್ ಚಿಲ್ಲರೆ ತೋರಿಸುತ್ತವೆ. ಆ ಅಂಕಿ ನೋಡಿ ಸಮಾಧಾನ ಪಡಬೇಡಿ, ಅದು ಚಾರ್ಜರ್‌ನ ವೋಲ್ಟೇಜ್. ಮೇನ್ಸ್ ಆಫ್ ಮಾಡಿ ಅರ್ಧ ಗಂಟೆ ಬಿಟ್ಟು ಅಳೆಯಿರಿ. 25ರ ಆಸುಪಾಸು ನಿಂತರೆ ಸರಿ. 24ಕ್ಕಿಂತ ಕೆಳಗೆ ಜಾರಿದರೆ ಎರಡನ್ನೂ ಒಟ್ಟಿಗೆ ಬದಲಿಸಿ, ಒಂದು ಹಳೆಯದು ಒಂದು ಹೊಸದು ಬೇಡ. ಸೆಕೆಯ ರೂಮಿನಲ್ಲಿ ಇಟ್ಟ ಬ್ಯಾಟರಿ ಬೇಗ ಸಾಯುತ್ತದೆ. 25 ಡಿಗ್ರಿಯ ಮೇಲೆ ಪ್ರತಿ ಎಂಟು ಹತ್ತು ಡಿಗ್ರಿಗೆ ಅದರ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಎಲ್ಲರೂ ಒಪ್ಪುವ ಲೆಕ್ಕ.

ಹಾಗಾದರೆ ಫರ್ಮ್‌ವೇರ್ ಬೇಕಾಗುವುದು ಯಾವಾಗ? ನೆಟ್‌ವರ್ಕ್ ಕೇಬಲ್, ಬ್ಯಾಟರಿ, ಅರ್ತಿಂಗ್ ಎಲ್ಲ ಸರಿಯಿದ್ದೂ ಒಂದು ನೋಡ್ (ನೆಟ್‌ವರ್ಕಿನಲ್ಲಿರುವ ಒಂದೊಂದು ಪ್ಯಾನಲ್) ಆಗಾಗ ಕಾಣೆಯಾದರೆ. ಒಟ್ಟಿಗೆ ತುಂಬಾ ಅಲಾರ್ಮ್ ಬಂದಾಗ ಸ್ಕ್ರೀನ್ ಹೆಪ್ಪುಗಟ್ಟಿದರೆ. ಹೊಸ ಮಾಡೆಲಿನ ಡಿಟೆಕ್ಟರನ್ನು ಹಳೆ ಪ್ಯಾನಲ್ ಗುರುತಿಸದೆ ಹೋದರೆ. ಕಂಪನಿಯೇ ಸುರಕ್ಷತೆಯ ಕಾರಣಕ್ಕೆ ಹಾಕಲೇಬೇಕು ಅಂತ ನೋಟಿಸ್ ಕೊಟ್ಟರೆ. ಹೊಸ ವರ್ಷನ್ ಜೊತೆ ಕಂಪನಿ ಕೊಡುವ ಬಿಡುಗಡೆಯ ಟಿಪ್ಪಣಿಯಲ್ಲಿ ನಿಮ್ಮ ತೊಂದರೆಯೇ ಬರೆದಿದೆಯಾ ಅಂತ ನೋಡಿ. ಇಲ್ಲ ಅಂದರೆ, ಚೆನ್ನಾಗಿ ಓಡುತ್ತಿರುವ ಪ್ಯಾನಲನ್ನು ಸುಮ್ನೆ ಮುಟ್ಟಬೇಡಿ ಅನ್ನುವ ಪಕ್ಷ ನನ್ನದು.

ಯಾವ ಕಾಲದಲ್ಲಿ?

ನವೆಂಬರ್‌ನಿಂದ ಫೆಬ್ರವರಿ. ಏಪ್ರಿಲ್, ಮೇ ತಿಂಗಳ ಸಂಜೆ ಘಟ್ಟದಲ್ಲಿ ಗುಡುಗು ಸಿಡಿಲು, ಕರೆಂಟ್ ಯಾವಾಗ ಹೋಗುತ್ತದೆ ಹೇಳಲಿಕ್ಕೆ ಬರುವುದಿಲ್ಲ. ಮಳೆಗಾಲದಲ್ಲಿ ಫಾಲ್ಟ್‌ಗಳು ಮೊದಲೇ ಸಾಲಾಗಿ ನಿಂತಿರುತ್ತವೆ, ಹಳೆಯದು ಯಾವುದು, ಅಪ್‌ಡೇಟ್‌ನಿಂದ ಬಂದದ್ದು ಯಾವುದು ಅಂತ ಬಿಡಿಸಲು ಆಗುವುದಿಲ್ಲ. ಶಿರಸಿಯಲ್ಲಾದರೆ ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ದಿನಗಳನ್ನು ಬಿಟ್ಟುಬಿಡಿ, ಲಾಡ್ಜುಗಳು ತುಂಬಿರುತ್ತವೆ. ಗೋಕರ್ಣ, ಮುರ್ಡೇಶ್ವರದ ಹೋಟೆಲುಗಳಿಗೆ ವರ್ಷದ ಕೊನೆಯ ವಾರ, ಶಿವರಾತ್ರಿ ಬೇಡ. ದಿನದ ಹೊತ್ತು ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿ. ರಾತ್ರಿ ಜನ ಇಲ್ಲ ಅಂತ ರಾತ್ರಿ ಮಾಡುವವರಿದ್ದಾರೆ. ಆದರೆ ಆಸ್ಪತ್ರೆ, ಹಾಸ್ಟೆಲಿನಲ್ಲಿ ರಾತ್ರಿ ಅಂದರೆ ಎಲ್ಲರೂ ಮಲಗಿರುವ ಹೊತ್ತು, ಕಂಪನಿಯ ಸಹಾಯವಾಣಿಯೂ ಎತ್ತದ ಹೊತ್ತು.

ಯಾರು ಮಾಡಬಹುದು?

ಯುರೋಪಿನ ಇಎನ್ 54-2 ಅನ್ನುವ ಮಾನದಂಡದಲ್ಲಿ ಪ್ಯಾನಲ್ ಮುಟ್ಟುವವರಿಗೆ ನಾಲ್ಕು ಹಂತ ಇಟ್ಟಿದ್ದಾರೆ. ಒಂದನೆಯದು ದಾರಿಹೋಕನೂ ನೋಡಬಹುದಾದದ್ದು. ಎರಡನೆಯದು ಕಟ್ಟಡದ ಜವಾಬ್ದಾರಿ ಇರುವವರದ್ದು, ಸೈಲೆನ್ಸ್, ರಿಸೆಟ್ ಇತ್ಯಾದಿ. ಮೂರನೆಯದು ಆ ಕಟ್ಟಡದ ಕಾನ್ಫಿಗರೇಷನ್ ಬದಲಿಸಲು. ನಾಲ್ಕನೆಯದು ರಿಪೇರಿಗೆ ಮತ್ತು ಫರ್ಮ್‌ವೇರಿಗೆ. ಅಂದರೆ ಫರ್ಮ್‌ವೇರ್ ಇರುವುದು ತುತ್ತತುದಿಯ ಹಂತದಲ್ಲಿ. ಕಂಪನಿಯ ತರಬೇತಿ ಪಡೆದವರು, ಎಎಂಸಿ (ವರ್ಷದ ನಿರ್ವಹಣೆಯ ಕರಾರು) ಇರುವವರು ಮಾತ್ರ ಮಾಡಬೇಕು. ಕಟ್ಟಡದವರೇ ಆಗಿದ್ದರೆ ಕೀಬೋರ್ಡ್ ಮುಟ್ಟುವುದು ನಿಮ್ಮ ಕೆಲಸವಲ್ಲ. ಆದರೆ ಮುಂದೆ ಹೇಳುವ ಪ್ರತಿ ಹೆಜ್ಜೆಯನ್ನೂ ಬಂದ ಹುಡುಗ ಮಾಡಿದನಾ ಅಂತ ಪಕ್ಕದಲ್ಲಿ ನಿಂತು ನೋಡುವ ಹಕ್ಕು ನಿಮ್ಮದು.

ಮೂರು ಬೇರೆ ಬೇರೆ ವಸ್ತುಗಳು

ಗೊಂದಲ ಜಾಸ್ತಿ ಆಗುವುದು ಇಲ್ಲಿ. ಫರ್ಮ್‌ವೇರ್ ಅಂದರೆ ಕಂಪನಿ ಬರೆದ ಪ್ರೋಗ್ರಾಂ, ಆ ಮಾಡೆಲಿನ ಎಲ್ಲ ಪ್ಯಾನಲ್‌ಗೂ ಒಂದೇ. ಕಾನ್ಫಿಗರೇಷನ್ ಅಂದರೆ ನಿಮ್ಮ ಕಟ್ಟಡದ ಲೆಕ್ಕ: 37ನೇ ಅಡ್ರೆಸ್ಸಿನ ಡಿಟೆಕ್ಟರ್ ಅಡುಗೆಮನೆಯದ್ದು, ಅದು ಕೂಗಿದರೆ ಯಾವ ಹೂಟರ್ ಕೂಗಬೇಕು, ಯಾವ ಎಎಚ್‌ಯು (ಎಸಿಯ ಗಾಳಿ ಹರಿಸುವ ಯಂತ್ರ) ನಿಲ್ಲಬೇಕು, ಲಿಫ್ಟ್ ಎಲ್ಲಿಗೆ ಇಳಿಯಬೇಕು. ಮೂರನೆಯದು ಪ್ಯಾನಲ್ ಒಳಗಿನ ಬಿಡಿ ಕಾರ್ಡುಗಳ ಫರ್ಮ್‌ವೇರ್. ಸಿಪಿಯು, ಲೂಪ್ ಕಾರ್ಡ್, ನೆಟ್‌ವರ್ಕ್ ಕಾರ್ಡ್, ಡಿಸ್‌ಪ್ಲೇ, ಇವುಗಳಿಗೆ ಎಷ್ಟೋ ಸಲ ಬೇರೆ ಬೇರೆ ವರ್ಷನ್ ನಂಬರ್ ಇರುತ್ತದೆ. ಸಿಪಿಯು ಮಾತ್ರ ಮೇಲಕ್ಕೆ ಏರಿಸಿ ನೆಟ್‌ವರ್ಕ್ ಕಾರ್ಡ್ ಹಾಗೇ ಬಿಟ್ಟರೆ ಎರಡಕ್ಕೂ ಮಾತು ಸೇರುವುದಿಲ್ಲ.

ಹಾಗಾಗಿ ಮೊದಲು ಒಂದು ಹಾಳೆ ತೆಗೆದುಕೊಂಡು ಪ್ರತಿ ನೋಡ್ ಮುಂದೆ ನಿಂತು ಬರೆಯಿರಿ: ನೋಡ್ ನಂಬರ್, ಎಲ್ಲಿದೆ, ಸಿಪಿಯು ವರ್ಷನ್, ಲೂಪ್ ಕಾರ್ಡ್ ವರ್ಷನ್, ನೆಟ್‌ವರ್ಕ್ ಕಾರ್ಡ್ ವರ್ಷನ್, ಸ್ಕ್ರೀನಿನಲ್ಲಿ ಈಗ ಇರುವ ಫಾಲ್ಟ್‌ಗಳು. ರಿಪೀಟರ್ ಪ್ಯಾನಲ್ (ಮುಖ್ಯ ಪ್ಯಾನಲ್‌ನ ಸುದ್ದಿಯನ್ನೇ ಇನ್ನೊಂದು ಜಾಗದಲ್ಲಿ ತೋರಿಸುವುದು), ಕಂಪ್ಯೂಟರಿನಲ್ಲಿ ಓಡುವ ಗ್ರಾಫಿಕ್ಸ್ ಸಾಫ್ಟ್‌ವೇರ್ ಮರೆಯಬೇಡಿ. ಈ ಹಾಳೆ ಇಟ್ಟುಕೊಂಡು ಬಿಡುಗಡೆಯ ಟಿಪ್ಪಣಿ ಓದಿ. ನೋಡಬೇಕಾದ ಮಾತುಗಳು ಮೂರೇ. ನೀವಿರುವ ವರ್ಷನ್‌ನಿಂದ ನೇರ ಹಾರಬಹುದಾ, ಅಥವಾ ನಡುವೆ ಒಂದು ವರ್ಷನ್ ಹಾಕಿಯೇ ಹೋಗಬೇಕಾ? ಹಳೆಯದು ಮತ್ತು ಹೊಸದು ಒಂದೇ ನೆಟ್‌ವರ್ಕಿನಲ್ಲಿ ಒಟ್ಟಿಗೆ ಇರಬಹುದಾ? ವಾಪಸ್ ಹಳೆಯದಕ್ಕೆ ಇಳಿಯಲು ದಾರಿ ಇದೆಯಾ? ಮೂರನೆಯದಕ್ಕೆ ಇಲ್ಲ ಅಂತ ಬರೆದಿದ್ದರೆ ಒಂದು ಬಿಡಿ ಸಿಪಿಯು ಕಾರ್ಡ್ ಕೈಯಲ್ಲಿ ಇಲ್ಲದೆ ಶುರು ಮಾಡಬೇಡಿ.

ಬ್ಯಾಕಪ್

ಆಫೀಸಿನ ಲ್ಯಾಪ್‌ಟಾಪಿನಲ್ಲಿ ಇರುವ ಕಾನ್ಫಿಗರೇಷನ್ ಫೈಲ್ ನಂಬಬೇಡಿ. ಎರಡು ವರ್ಷದ ಹಿಂದೆ ಯಾರೋ ಬಂದು ಮೂರು ಡಿಟೆಕ್ಟರ್ ಸೇರಿಸಿ, ನೇರವಾಗಿ ಪ್ಯಾನಲ್‌ನಲ್ಲೇ ಹೆಸರು ಬದಲಿಸಿ ಹೋಗಿರುತ್ತಾರೆ. ಪ್ರತಿ ಪ್ಯಾನಲ್‌ನಿಂದ ಅವತ್ತೇ ಓದಿಕೊಂಡದ್ದೇ ನಿಜವಾದ ಬ್ಯಾಕಪ್. ಅದಕ್ಕೆ ಆಯಾ ಕಂಪನಿಯ ಸಾಫ್ಟ್‌ವೇರ್ ಬೇಕು. ನೋಟಿಫೈಯರ್‌ಗೆ ವೆರಿಫೈರ್ ಟೂಲ್ಸ್, ಬಾಷ್‌ಗೆ ಎಫ್‌ಎಸ್‌ಪಿ-5000-ಆರ್‌ಪಿಎಸ್, ಹೀಗೆ ಒಬ್ಬೊಬ್ಬರದ್ದು ಒಂದೊಂದು. ಓದಿದ ಫೈಲನ್ನು ತೆರೆದು, ಅಡ್ರೆಸ್ ಪಟ್ಟಿಯಲ್ಲಿ ನಿಮಗೆ ಗೊತ್ತಿರುವ ನಾಲ್ಕೈದು ಹೆಸರು ಸರಿ ಇವೆಯಾ ಅಂತ ಕಣ್ಣಾಡಿಸಿ. ತೆರೆದು ನೋಡದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಹೊಸ ಫರ್ಮ್‌ವೇರಿಗೆ ತಕ್ಕಂತೆ ಕಾನ್ಫಿಗರೇಷನ್ ಫೈಲನ್ನೂ ಹೊಸ ರೂಪಕ್ಕೆ ತಿರುಗಿಸಬೇಕಾಗುತ್ತದೆ. ಒಮ್ಮೆ ತಿರುಗಿಸಿದರೆ ಹಳೆ ಸಾಫ್ಟ್‌ವೇರ್ ಅದನ್ನು ತೆರೆಯುವುದಿಲ್ಲ. ಆದ್ದರಿಂದ ತಿರುಗಿಸುವ ಮೊದಲು ಒಂದು ಪ್ರತಿಯನ್ನು ಬೇರೆ ಫೋಲ್ಡರಿನಲ್ಲಿ, ಇನ್ನೊಂದನ್ನು ಪೆನ್‌ಡ್ರೈವಿನಲ್ಲಿ ಇಡಿ. ಈವೆಂಟ್ ಲಾಗ್ ಕೂಡ ಇಳಿಸಿಕೊಳ್ಳಿ. ಎಷ್ಟೋ ಪ್ಯಾನಲ್‌ಗಳಲ್ಲಿ ಅಪ್‌ಡೇಟ್ ಆದ ಮೇಲೆ ಹಳೆ ಲಾಗ್ ಅಳಿದು ಹೋಗುತ್ತದೆ.

ಪೆನ್‌ಡ್ರೈವ್ ಕಟ್ಟಡದಲ್ಲೇ ಇರಲಿ, ಹುಬ್ಬಳ್ಳಿಯ ಆಫೀಸಿನಲ್ಲಿ ಅಲ್ಲ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ದಿನಗಟ್ಟಲೆ ಬಂದ್ ಆಯಿತು. ಅದಾದ ಮೇಲೆ ಆಗಸ್ಟ್‌ನಲ್ಲಿ ಕಾರವಾರದ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಮಂಗಳೂರು, ಗೋವಾ, ಹುಬ್ಬಳ್ಳಿಯಿಂದ ಎಂಜಿನಿಯರ್ ಬಂದೇ ಬರುತ್ತಾನೆ ಅಂತ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ನೆಚ್ಚಿಕೊಳ್ಳಲು ಆಗುವುದಿಲ್ಲ. ಫೈಲ್ ಇಲ್ಲೇ ಇದ್ದರೆ ಹತ್ತಿರದ ಇನ್ನೊಬ್ಬರಾದರೂ ಪ್ಯಾನಲ್ ಎಬ್ಬಿಸಬಹುದು.

ಫೈಲ್ ಮತ್ತು ಲ್ಯಾಪ್‌ಟಾಪ್

ಫರ್ಮ್‌ವೇರ್ ಫೈಲನ್ನು ಕಂಪನಿಯ ಪೋರ್ಟಲಿನಿಂದಲೇ ಇಳಿಸಿ. ವಾಟ್ಸಾಪಿನಲ್ಲಿ ಗೆಳೆಯ ಕಳಿಸಿದ್ದು ಬೇಡ. ಕಂಪನಿ ಹ್ಯಾಶ್ (ಫೈಲ್ ಕೆಟ್ಟಿಲ್ಲ ಅಂತ ಹೋಲಿಸಿ ನೋಡುವ ಉದ್ದದ ಸಂಕೇತ) ಕೊಟ್ಟಿದ್ದರೆ ವಿಂಡೋಸಿನ ಪವರ್‌ಶೆಲ್ಲಿನಲ್ಲಿ ಗೆಟ್-ಫೈಲ್‌ಹ್ಯಾಶ್ ಓಡಿಸಿ ಎರಡೂ ಒಂದೇನಾ ನೋಡಿ. ಒಂದು ಅಕ್ಷರ ಬೇರೆ ಬಂದರೂ ಮತ್ತೆ ಇಳಿಸಿ.

ಲ್ಯಾಪ್‌ಟಾಪಿನಲ್ಲಿ ಸ್ಲೀಪ್ ಬಂದ್ ಮಾಡಿ, ಮುಚ್ಚಳ ಮುಚ್ಚಿದರೂ ಮಲಗದ ಹಾಗೆ ಇಡಿ, ವಿಂಡೋಸ್ ಅಪ್‌ಡೇಟ್ ನಿಲ್ಲಿಸಿ, ವೈಫೈ ಆಫ್. ಹಳೆ ಪ್ಯಾನಲ್‌ಗೆ ಒಂಬತ್ತು ಪಿನ್ನಿನ ಸೀರಿಯಲ್ ಕೇಬಲ್ ಬೇಕು, ಈಗಿನ ಲ್ಯಾಪ್‌ಟಾಪಿನಲ್ಲಿ ಆ ಪೋರ್ಟ್ ಇಲ್ಲ. ಒಳ್ಳೆಯ ಯುಎಸ್‌ಬಿ ಕನ್ವರ್ಟರ್ ಇಟ್ಟುಕೊಳ್ಳಿ. ನೂರು ರೂಪಾಯಿಯ ನಕಲಿ ಚಿಪ್ಪಿನದ್ದು ಅರ್ಧ ದಾರಿಯಲ್ಲಿ ಕೈಕೊಟ್ಟರೆ ಕಷ್ಟ ಪ್ಯಾನಲ್‌ಗೆ. ಡಿವೈಸ್ ಮ್ಯಾನೇಜರಿನಲ್ಲಿ ಅದರ ಕಾಮ್ ನಂಬರ್ (ಪೋರ್ಟ್ ನಂಬರ್) ನೋಡಿ, ದೊಡ್ಡ ನಂಬರ್ ಬಂದಿದ್ದರೆ ಚಿಕ್ಕದಕ್ಕೆ ಬದಲಿಸಿ. ಕೆಲವು ಹಳೆ ಸಾಫ್ಟ್‌ವೇರಿಗೆ ದೊಡ್ಡ ನಂಬರ್ ಕಾಣುವುದೇ ಇಲ್ಲ. ಮತ್ತೆ ಒಂದು ಮಾತು: ಲ್ಯಾಪ್‌ಟಾಪನ್ನು ಚಾರ್ಜರ್ ಮೇಲೆ ಇಟ್ಟು ಕೇಬಲ್ ಸಿಕ್ಕಿಸಿದ ಕೂಡಲೇ ಪ್ಯಾನಲ್‌ನಲ್ಲಿ ಅರ್ತ್ ಫಾಲ್ಟ್ ಬಂದರೆ ಹೆದರಬೇಡಿ. ಚಾರ್ಜರ್‌ನ ಅರ್ತ್ ಮೂಲಕ ಬರುವುದು ಅದು. ತುಂಬಾ ಚಾರ್ಜ್ ಮಾಡಿಟ್ಟುಕೊಂಡು ಬ್ಯಾಟರಿ ಮೇಲೆಯೇ ಓಡಿಸಿ.

ಕಟ್ಟಡ ಕಾಯುವ ವ್ಯವಸ್ಥೆ

ಹಿಂದಿನ ದಿನವೇ ಮಾಲೀಕರಿಗೆ, ಡ್ಯೂಟಿ ಡಾಕ್ಟರಿಗೆ ಅಥವಾ ವಾರ್ಡನ್‌ಗೆ, ಸೆಕ್ಯುರಿಟಿಗೆ ಬರಹದಲ್ಲಿ ತಿಳಿಸಿ. ಎಷ್ಟು ಹೊತ್ತಿಗೆ ಶುರು, ಎಷ್ಟಕ್ಕೆ ಮುಗಿಯಬಹುದು, ಯಾವ ಬ್ಲಾಕ್. ಪ್ಯಾನಲ್ ದೂರದ ಮಾನಿಟರಿಂಗ್ ಕೇಂದ್ರಕ್ಕೆ ಜೋಡಿಸಿದ್ದರೆ ಅಲ್ಲಿಗೂ ಹೇಳಿ. ಎನ್‌ಎಫ್‌ಪಿಎ 101 ಅನ್ನುವ ಅಮೆರಿಕದ ಸಂಹಿತೆಯಲ್ಲಿ 24 ಗಂಟೆಯ ಒಳಗೆ 4 ಗಂಟೆಗಿಂತ ಜಾಸ್ತಿ ಅಲಾರ್ಮ್ ಬಂದ್ ಇದ್ದರೆ ಸಂಬಂಧಪಟ್ಟ ಅಧಿಕಾರಿಗೆ ತಿಳಿಸಬೇಕು, ಜನರನ್ನು ಹೊರಗೆ ಕಳಿಸಬೇಕು ಅಥವಾ ಕಾವಲು ಹಾಕಬೇಕು ಅಂತ ಇದೆ. ನಾಲ್ಕು ಗಂಟೆ ಆಗಲಿ ಅಂತ ಕಾಯುವುದು ಯಾಕೆ? ಐದು ನಿಮಿಷಕ್ಕೂ ಕಾವಲು ಹಾಕಿ ಅಂತಲೇ ನಾನು ಹೇಳುವುದು.

ಕಾವಲು ಅಂದರೆ ಕುರ್ಚಿ ಹಾಕಿ ಕೂರುವುದಲ್ಲ. ಆ ಬ್ಲಾಕಿನ ಪ್ರತಿ ಮಹಡಿಯಲ್ಲಿ ಒಬ್ಬ ಓಡಾಡುತ್ತಿರಬೇಕು. ಅಡುಗೆಮನೆ, ಎಲೆಕ್ಟ್ರಿಕಲ್ ರೂಮ್, ಲಾಂಡ್ರಿ, ಸ್ಟೋರ್, ಇವನ್ನು ತಪ್ಪದೆ ನೋಡಬೇಕು. ಕೈಯಲ್ಲಿ ಫೋನ್ ಅಥವಾ ವಾಕಿಟಾಕಿ, ಒಂದು ಶಿಳ್ಳೆ, ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿದೆ ಅನ್ನುವ ಗುರುತು. ಬೆಂಕಿ ಕಂಡರೆ ಕೂಗಿ ಜನ ಎಬ್ಬಿಸಿ 101ಕ್ಕೆ ಅಥವಾ 112ಕ್ಕೆ ಫೋನ್. ವೆಲ್ಡಿಂಗ್, ಗ್ರೈಂಡಿಂಗ್ ಕೆಲಸ ಅವತ್ತು ಬೇಡ. ಶಿರಸಿಯ ಅಡಿಕೆ ಗೋದಾಮಿನಲ್ಲೋ ಹೊನ್ನಾವರದ ಗೇರುಬೀಜದ ಕಾರ್ಖಾನೆಯಲ್ಲೋ ಆದರೆ ಒಣಗಿಸುವ, ಹುರಿಯುವ ಭಾಗವನ್ನು ಅಷ್ಟು ಹೊತ್ತು ನಿಲ್ಲಿಸುವುದೇ ಒಳ್ಳೆಯದು.

ಪ್ಯಾನಲ್ ರಿಸ್ಟಾರ್ಟ್ ಆಗುವಾಗ ರಿಲೇಗಳು ಒಂದು ಕ್ಷಣ ಕುಣಿಯಬಹುದು. ಆದ್ದರಿಂದ ಲಿಫ್ಟ್, ಎಎಚ್‌ಯು, ಬಾಗಿಲು ಬಿಡುವ ಮ್ಯಾಗ್ನೆಟ್, ಪಂಪ್ ಇವುಗಳ ಸಂಪರ್ಕವನ್ನು ಮೊದಲೇ ಬಿಡಿಸಿ. ಸರ್ವರ್ ರೂಮಿನಲ್ಲಿ ಗ್ಯಾಸ್ ಬಿಡುವ ಸಿಲಿಂಡರ್ ಇದ್ದರೆ ಸಾಫ್ಟ್‌ವೇರಿನಲ್ಲಿ ಡಿಸೇಬಲ್ ಮಾಡಿ ಸುಮ್ಮನಾಗಬೇಡಿ. ಸಿಲಿಂಡರ್ ತಲೆಯ ಮೇಲಿನ ಸೊಲೆನಾಯ್ಡನ್ನು (ಕರೆಂಟ್ ಬಂದರೆ ಗ್ಯಾಸ್ ಬಿಡುವ ಭಾಗ) ಕಂಪನಿ ಹೇಳಿದ ಕ್ರಮದಲ್ಲಿ ಕೈಯಿಂದಲೇ ಬಿಡಿಸಿ, ಕೆಂಪು ಚೀಟಿ ಕಟ್ಟಿ. ಬಿಡಿಸಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಸಂಜೆ ವಾಪಸ್ ಜೋಡಿಸುವಾಗ ಆ ಹಾಳೆಯೇ ಬೇಕು.

ರಿಂಗ್ ಪೂರ್ತಿ ಇದೆಯಾ?

ನೆಟ್‌ವರ್ಕ್ ಸಾಮಾನ್ಯವಾಗಿ ರಿಂಗ್ ಆಗಿರುತ್ತದೆ: 1ರಿಂದ 2, 2ರಿಂದ 3, 3ರಿಂದ 4, 4ರಿಂದ ವಾಪಸ್ 1. ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ಸುದ್ದಿ ಬರುತ್ತದೆ. ಈಗ 4 ಮತ್ತು 1ರ ನಡುವೆ ಇಲಿಯೋ ಜೆಸಿಬಿಯೋ ಕೇಬಲ್ ಕಡಿದು ಆರು ತಿಂಗಳಾಗಿದೆ ಅಂತಿಟ್ಟುಕೊಳ್ಳಿ. ಸ್ಕ್ರೀನಿನಲ್ಲಿ ಒಂದು ಹಳದಿ ದೀಪ ಉರಿಯುತ್ತಿದೆ, ಎಲ್ಲರಿಗೂ ಅಭ್ಯಾಸ ಆಗಿದೆ. ನೀವು 2ನೇ ಪ್ಯಾನಲ್‌ಗೆ ಅಪ್‌ಡೇಟ್ ಶುರು ಮಾಡುತ್ತೀರಿ. ಆ ಕ್ಷಣದಿಂದ 3 ಮತ್ತು 4 ಕೂಡ ಸೆಕ್ಯುರಿಟಿ ರೂಮಿನ 1ರಿಂದ ದೂರ. ಅಲ್ಲಿ ಹೊಗೆ ಬಂದರೆ ಆಯಾ ಬ್ಲಾಕಿನ ಹೂಟರ್ ಕೂಗೀತು, ಗೇಟಿನವನಿಗೆ ತಿಳಿಯುವುದಿಲ್ಲ. ಒಂದು ಪ್ಯಾನಲ್ ಕುರುಡು ಅಂದುಕೊಂಡಿದ್ದೀರಿ, ನಿಜಕ್ಕೂ ಮೂರು ಬ್ಲಾಕ್ ಹೋಯಿತು. ಹಾಗಾಗಿ ನೆಟ್‌ವರ್ಕ್ ಫಾಲ್ಟ್ ಇರುವಾಗ ಅಪ್‌ಡೇಟ್ ಬೇಡ. ಮೊದಲು ಕೇಬಲ್ ಸರಿ ಮಾಡಿ.

ಅಪ್‌ಡೇಟ್ ದಿನದ ಕ್ರಮ

1. ಮೇನ್ಸ್ ಇದೆ, ಬ್ಯಾಟರಿ ಸರಿ ಇದೆ, ಜನರೇಟರ್‌ನಲ್ಲಿ ಡೀಸೆಲ್ ಇದೆ ಅಂತ ನೋಡಿ. ಅವತ್ತು ಕರೆಂಟ್ ತೆಗೆಯುವ ಯೋಚನೆ ಇದೆಯಾ ಅಂತ ಹೆಸ್ಕಾಂ ಸೆಕ್ಷನ್ ಆಫೀಸಿಗೆ ಒಂದು ಫೋನ್ ಮಾಡಿ.

2. ಕಾವಲಿನವರು ಜಾಗದಲ್ಲಿ ನಿಂತ ಮೇಲೆ ಹೊತ್ತು ಬರೆದುಕೊಳ್ಳಿ. ಔಟ್‌ಪುಟ್‌ಗಳನ್ನು ಬಿಡಿಸಿ.

3. ಕಡಿಮೆ ಜನ ಇರುವ ಬ್ಲಾಕಿನ ಪ್ಯಾನಲ್‌ನಿಂದ ಶುರು ಮಾಡಿ, ಸೆಕ್ಯುರಿಟಿ ರೂಮಿನ ಮುಖ್ಯ ಪ್ಯಾನಲ್ ಕೊನೆಗೆ. ಕಂಪನಿಯ ಟಿಪ್ಪಣಿ ಬೇರೆ ಕ್ರಮ ಹೇಳಿದರೆ ಅದೇ ನಡೆಯಲಿ.

4. ನೆಟ್‌ವರ್ಕ್ ಮೂಲಕ ದೂರದಿಂದ ಕಳಿಸುವ ಸೌಲಭ್ಯ ಇದ್ದರೂ ಪ್ಯಾನಲ್ ಮುಂದೆಯೇ ನಿಂತು ನೇರ ಕೇಬಲಿನಿಂದ ಕಳಿಸಿ. ಏನಾದರೂ ಕೆಟ್ಟರೆ ಕಣ್ಣ ಮುಂದೆ ಇರುತ್ತದೆ.

5. ಮಾಡೆಲ್, ನೋಡ್ ನಂಬರ್ ಎರಡು ಸಲ ನೋಡಿ ಕಳಿಸಿ. ಲ್ಯಾಪ್‌ಟಾಪಿನಲ್ಲಿ ಎಷ್ಟು ಕಳಿಸಿದೆ ಅಂತ ತೋರಿಸುವ ಪಟ್ಟಿ ನೂರಕ್ಕೆ ಬಂದ ಕೂಡಲೇ ಕೇಬಲ್ ಎಳೆಯಬೇಡಿ. ಫೈಲ್ ತಲುಪಿದ ಮೇಲೆ ಪ್ಯಾನಲ್ ಅದನ್ನು ಒಳಗಿನ ಮೆಮೊರಿಗೆ ಬರೆದು, ಪರೀಕ್ಷಿಸಿ, ರಿಸ್ಟಾರ್ಟ್ ಆಗುವವರೆಗೆ ಕಾಯಿರಿ.

6. ಎದ್ದ ಮೇಲೆ ವರ್ಷನ್ ನಂಬರ್ ಓದಿ. ಹಾಳೆಯಲ್ಲಿ ಬರೆದ ಹಳೆ ಫಾಲ್ಟ್ ಪಟ್ಟಿಯ ಜೊತೆ ಹೋಲಿಸಿ. ಗಡಿಯಾರ ಸರಿ ಮಾಡಿ, ಅದು ಹಿಂದಕ್ಕೆ ಹೋಗಿರುವುದೇ ಜಾಸ್ತಿ.

7. ಒಂದು ಡಿಟೆಕ್ಟರಿಗೆ ಹೊಗೆ ಕೊಟ್ಟು ನೋಡಿ. ಅಲಾರ್ಮ್ ಬಂತು ಅಂದ ಮೇಲೆಯೇ ಮುಂದಿನ ಪ್ಯಾನಲ್.

ಕೆಲವು ಮಾಡೆಲ್‌ಗಳಲ್ಲಿ ಹಳೆ ವರ್ಷನ್ನಿನ ನೋಡ್, ಹೊಸ ವರ್ಷನ್ನಿನ ನೋಡ್ ಒಂದಕ್ಕೊಂದು ಮಾತಾಡುವುದಿಲ್ಲ. ಅಂಥಲ್ಲಿ ಎಲ್ಲ ಪ್ಯಾನಲ್ ಒಂದೇ ದಿನ ಮುಗಿಯಬೇಕು. ನಡುವಿನ ಹೊತ್ತಿನಲ್ಲಿ ಪ್ರತಿ ಪ್ಯಾನಲ್ ಒಂಟಿ, ಆದ್ದರಿಂದ ಪ್ರತಿ ಪ್ಯಾನಲ್ ಮುಂದೆ ಒಬ್ಬ ಮನುಷ್ಯ ಬೇಕು. ಅಷ್ಟು ಜನ ಇಲ್ಲದಿದ್ದರೆ ದಿನ ಮುಂದೂಡಿ.

ನಡುವೆ ನಿಂತರೆ

ಪಟ್ಟಿ 60ರಲ್ಲಿ ನಿಂತಿದೆ, ಹತ್ತು ನಿಮಿಷ ಆಯಿತು. ಕೈ ಸ್ವಿಚ್ಚಿನ ಕಡೆ ಹೋಗುತ್ತದೆ, ಅಲ್ವಾ? ತಡೆಯಿರಿ. ಪವರ್ ತೆಗೆಯಬೇಡಿ. ಬರೆಯುತ್ತಿರುವ ಮೆಮೊರಿಯ ನಡುವೆ ಪವರ್ ಹೋದರೆ ಕಾರ್ಡ್ ಪೂರ್ತಿ ಸಾಯಬಹುದು. ಕೈಪಿಡಿಯಲ್ಲಿ ಎಷ್ಟು ಹೊತ್ತು ಅಂತ ಇದೆಯೋ ಅದರ ಎರಡರಷ್ಟು ಕಾಯಿರಿ. ಲ್ಯಾಪ್‌ಟಾಪಿನ ಕಡೆಯಿಂದ ಸಂಪರ್ಕ ಕಡಿದು ಮತ್ತೆ ಜೋಡಿಸಿ, ಮೊದಲಿನಿಂದ ಕಳಿಸಿ. ಎಷ್ಟೋ ಪ್ಯಾನಲ್‌ಗಳಲ್ಲಿ ಬೂಟ್‌ಲೋಡರ್ ಅಂತ ಒಂದು ಚಿಕ್ಕ ಪ್ರೋಗ್ರಾಂ ಬೇರೆಯಾಗಿ ಇರುತ್ತದೆ. ಮೇಲಿನ ಫರ್ಮ್‌ವೇರ್ ಅರ್ಧ ಆಗಿದ್ದರೂ ಅದು ಎದ್ದು ಹೊಸ ಫೈಲಿಗೆ ಕಾಯುತ್ತದೆ. ಕಾರ್ಡಿನ ಮೇಲಿನ ಯಾವುದೋ ಜಂಪರ್ ಅಥವಾ ಬಟನ್ ಒತ್ತಿ ಪವರ್ ಕೊಟ್ಟರೆ ಆ ಸ್ಥಿತಿಗೆ ಬರುತ್ತದೆ. ಯಾವುದು ಅಂತ ಹಿಂದಿನ ದಿನವೇ ಕೈಪಿಡಿಯಲ್ಲಿ ನೋಡಿ ಗುರುತು ಹಾಕಿಟ್ಟಿರಿ.

ಎದ್ದ ಮೇಲೆ ಸ್ಕ್ರೀನ್ ಖಾಲಿ, ಒಂದು ಡಿಟೆಕ್ಟರಿಗೂ ಹೆಸರಿಲ್ಲ ಅಂದರೆ ಕಾನ್ಫಿಗರೇಷನ್ ಅಳಿದಿದೆ. ತಿರುಗಿಸಿಟ್ಟ ಹೊಸ ರೂಪದ ಫೈಲ್ ಕಳಿಸಿ. ನೋಡ್ ಕಾಣೆ ಅಂತ ಬಂದರೆ ನೋಡ್ ನಂಬರ್ ಮತ್ತು ನೆಟ್‌ವರ್ಕ್ ಕಾರ್ಡಿನ ವರ್ಷನ್ ಎರಡನ್ನೂ ನೋಡಿ. ಮುಂಚೆ ಇಲ್ಲದ ಫಾಲ್ಟ್‌ಗಳು ಸಾಲಾಗಿ ಬಂದರೆ ಹೊಸ ವರ್ಷನ್ ಕೆಟ್ಟದ್ದು ಅಂತ ತೀರ್ಮಾನಿಸಲು ಅವಸರ ಬೇಡ. ಎರಡು ಡಿಟೆಕ್ಟರಿಗೆ ಒಂದೇ ಅಡ್ರೆಸ್, ಹೀಟ್ ಡಿಟೆಕ್ಟರ್ ಜಾಗದಲ್ಲಿ ಸ್ಮೋಕ್ ಡಿಟೆಕ್ಟರ್, ಇಂಥದ್ದನ್ನು ಹಳೆಯದು ಸಹಿಸಿಕೊಂಡಿರಬಹುದು, ಹೊಸದು ಸಹಿಸದೆ ಇರಬಹುದು. ಆ ಅಡ್ರೆಸ್ಸಿಗೆ ಏಣಿ ಹಾಕಿ ಹತ್ತಿ ನೋಡಿ.

ಒಂದು ಗಂಟೆಯ ಒಳಗೆ ದಾರಿ ಕಾಣದಿದ್ದರೆ ಹಳೆ ಫರ್ಮ್‌ವೇರ್, ಹಳೆ ಕಾನ್ಫಿಗರೇಷನ್ ವಾಪಸ್ ಹಾಕಿ. ಈ ಒಂದು ಗಂಟೆ ಅನ್ನುವುದನ್ನು ಬೆಳಿಗ್ಗೆಯೇ ನಿರ್ಧರಿಸಿಟ್ಟಿರಿ, ಮಧ್ಯಾಹ್ನ ಬೆವರು ಹರಿಯುವಾಗ ಅಲ್ಲ. ಹಳೆಯದೂ ಏರದಿದ್ದರೆ ಬಿಡಿ ಕಾರ್ಡ್ ಹಾಕಿ. ಅದೂ ಇಲ್ಲ ಅಂದರೆ ಆ ಬ್ಲಾಕಿಗೆ ಹಗಲು ರಾತ್ರಿ ಕಾವಲು, ಪ್ಯಾನಲ್ ಎದ್ದೇಳುವ ತನಕ.

ಪರೀಕ್ಷೆ

ಹಸಿರು ದೀಪ ಬಂದ ಕೂಡಲೇ ಬ್ಯಾಗ್ ಕಟ್ಟುವ ಹುಡುಗರಿಗೆ ಸಹಿ ಹಾಕಬೇಡಿ. ನಮ್ಮಲ್ಲಿ ಅಲಾರ್ಮ್ ವ್ಯವಸ್ಥೆಗೆ ಐಎಸ್ 2189 ಇದೆ, ಕಟ್ಟಡಕ್ಕೆ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೇ ಭಾಗ ಇದೆ. ಸಾಫ್ಟ್‌ವೇರ್ ಬದಲಾದ ಮೇಲೆ ಎಷ್ಟು ಪರೀಕ್ಷೆ ಅನ್ನುವುದಕ್ಕೆ ಅಮೆರಿಕದ ಎನ್‌ಎಫ್‌ಪಿಎ 72ರ ಲೆಕ್ಕ ಚೊಕ್ಕ ಇದೆ, ಅದನ್ನು ಹಿಡಿಯಬಹುದು. ಪ್ಯಾನಲ್‌ನ ಮೂಲ ಸಾಫ್ಟ್‌ವೇರ್ ಬದಲಾದರೆ ಇಡೀ ವ್ಯವಸ್ಥೆಯ ಶೇಕಡಾ 10ರಷ್ಟು ಪರೀಕ್ಷೆ, ಅದರಲ್ಲಿ ಪ್ರತಿ ಇನ್‌ಪುಟ್, ಪ್ರತಿ ಔಟ್‌ಪುಟ್ ಸರ್ಕ್ಯೂಟಿನ ಕನಿಷ್ಠ ಒಂದು ಸಾಧನ ಇರಲೇಬೇಕು. ಕಟ್ಟಡದ ಕಾನ್ಫಿಗರೇಷನ್ ಬದಲಾದರೆ, ಬದಲಾದ ಭಾಗ ಪೂರ್ತಿ ನೂರಕ್ಕೆ ನೂರು, ಜೊತೆಗೆ ಬದಲಾಗದ ಡಿಟೆಕ್ಟರ್, ಕಾಲ್ ಪಾಯಿಂಟ್‌ಗಳಲ್ಲಿ ಶೇಕಡಾ 10, ಅದಕ್ಕೆ 50ರ ಮಿತಿ.

ಒಂದು ಲೂಪಿನಲ್ಲಿ 120 ಸಾಧನ ಇದ್ದರೆ 12 ಆಯಿತು. ಹತ್ತಿರದ ಹನ್ನೆರಡನ್ನು ಆರಿಸುವುದು ಎಲ್ಲರ ಚಾಳಿ. ಲೂಪಿನ ಮೊದಲು, ನಡು, ಕೊನೆ, ಮತ್ತು ಹಿಂದೆ ತೊಂದರೆ ಕೊಟ್ಟದ್ದು ಹೀಗೆ ಆರಿಸಿ. ಸಮುದ್ರದ ಕಡೆಯ ಗೋಡೆಯದ್ದು ಒಂದಾದರೂ ಇರಲಿ. ಟೆಸ್ಟ್ ಸ್ಪ್ರೇ ಬಳಸಿ, ಊದುಬತ್ತಿ ಬೇಡ. ಅದರ ಮಸಿ ಡಿಟೆಕ್ಟರ್ ಒಳಗೆ ಕೂರುತ್ತದೆ.

ನೆಟ್‌ವರ್ಕಿನ ಪರೀಕ್ಷೆಯನ್ನು ಜನ ಮರೆಯುತ್ತಾರೆ. 3ನೇ ಪ್ಯಾನಲ್‌ನಲ್ಲಿ ಅಲಾರ್ಮ್ ಕೊಟ್ಟು 1ರಲ್ಲಿ ಸರಿಯಾದ ಹೆಸರು ಬಂತಾ, 2ರ ಹೂಟರ್ ಕೂಗಬೇಕಿದ್ದರೆ ಕೂಗಿತಾ, 1ರಿಂದ ಸೈಲೆನ್ಸ್ ಒತ್ತಿದರೆ ಎಲ್ಲ ಕಡೆ ನಿಂತಿತಾ, ಇದನ್ನು ಪ್ರತಿ ಜೋಡಿಗೂ ನೋಡಿ. ರಿಂಗಿನ ಒಂದು ಕೇಬಲ್ ಬಿಚ್ಚಿ ಫಾಲ್ಟ್ ಬರುತ್ತದಾ, ಆದರೂ ಅಲಾರ್ಮ್ ತಲುಪುತ್ತದಾ ನೋಡಿ. ಮೇನ್ಸ್ ತೆಗೆದು ಬ್ಯಾಟರಿ ಮೇಲೆ ಒಮ್ಮೆ ಹೂಟರ್ ಕೂಗಿಸಿ. ಆಮೇಲೆ ಬೆಳಗಿನ ಹಾಳೆ ತೆಗೆದು ಲಿಫ್ಟ್, ಎಎಚ್‌ಯು, ಬಾಗಿಲು, ಪಂಪ್ ಒಂದೊಂದೇ ಜೋಡಿಸಿ ಪರೀಕ್ಷಿಸುತ್ತಾ ಹೋಗಿ. ಗ್ಯಾಸ್ ಸೊಲೆನಾಯ್ಡ್ ಕಟ್ಟಕಡೆಗೆ, ಪ್ಯಾನಲ್ ಪೂರ್ತಿ ಶಾಂತವಾಗಿ, ಒಂದು ಅಲಾರ್ಮೂ ಬಾಕಿ ಇಲ್ಲ ಅಂತ ಖಾತ್ರಿ ಆದ ಮೇಲೆ.

ಮುಗಿದ ಮೇಲೆ ಉಳಿಯುವ ಕೆಲಸ

ಪ್ಯಾನಲ್‌ಗೆ ಇಂಟರ್ನೆಟ್ ಗೇಟ್‌ವೇ ಇದ್ದರೆ ಇದೇ ಹೊತ್ತಿನಲ್ಲಿ ಅದನ್ನೂ ನೋಡಿ. ಫ್ಯಾಕ್ಟರಿ ಪಾಸ್‌ವರ್ಡ್ ಹಾಗೇ ಇದೆಯಾ? ರೂಟರಿನಲ್ಲಿ ಪೋರ್ಟ್ ತೆರೆದು ನೇರ ಇಂಟರ್ನೆಟ್ಟಿಗೆ ಬಿಟ್ಟಿದ್ದಾರಾ? ಹಾಗಿದ್ದರೆ ಮುಚ್ಚಿಸಿ. ಸಿಸಿ ಕ್ಯಾಮೆರಾ, ಗೆಸ್ಟ್ ವೈಫೈ ಇರುವ ನೆಟ್‌ವರ್ಕಿಗೂ ಫೈರ್ ಪ್ಯಾನಲ್‌ಗೂ ನಡುವೆ ಗೋಡೆ ಇರಬೇಕು. ದೂರದಿಂದ ಬರುವ ಎಂಜಿನಿಯರಿಗೆ ವಿಪಿಎನ್ (ಸುರಕ್ಷಿತ ಖಾಸಗಿ ಸಂಪರ್ಕ) ಕೊಡಿ, ಕೆಲಸ ಮುಗಿದ ದಿನ ಬಂದ್ ಮಾಡಿ.

ಲಾಗ್‌ಬುಕ್ಕಿನಲ್ಲಿ ಹಳೆ ವರ್ಷನ್, ಹೊಸ ವರ್ಷನ್, ಪ್ರತಿ ಪ್ಯಾನಲ್ ಎಷ್ಟು ಹೊತ್ತು ಬಂದ್ ಇತ್ತು, ಯಾವ ಯಾವ ಅಡ್ರೆಸ್ ಪರೀಕ್ಷೆ ಆಯಿತು, ಕಾವಲಿಗೆ ಯಾರಿದ್ದರು ಅಂತ ಬರೆದು ಇಬ್ಬರ ಸಹಿ ಹಾಕಿ. ಅಪ್‌ಡೇಟ್ ಆದ ಮೇಲಿನ ಕಾನ್ಫಿಗರೇಷನನ್ನು ಮತ್ತೊಮ್ಮೆ ಓದಿ ಪೆನ್‌ಡ್ರೈವಿಗೆ ಹಾಕಿ. ಹಳೆ ಫರ್ಮ್‌ವೇರ್, ಅದನ್ನು ತೆರೆಯುವ ಹಳೆ ಸಾಫ್ಟ್‌ವೇರ್ ಎರಡನ್ನೂ ಅಳಿಸಬೇಡಿ. ಮರುದಿನ ಒಮ್ಮೆ, ಒಂದು ವಾರ ಬಿಟ್ಟು ಒಮ್ಮೆ ಈವೆಂಟ್ ಲಾಗ್ ಇಳಿಸಿ ನೋಡಿ. ನೋಡ್ ಬಂದು ಹೋಗುವುದು, ತಾನಾಗಿ ರಿಸ್ಟಾರ್ಟ್ ಆಗುವುದು, ಒಂದೇ ಅಡ್ರೆಸ್ ಪದೇ ಪದೇ ಕಾಣೆಯಾಗುವುದು ಇದ್ದರೆ ಕಂಪನಿಗೆ ದೂರು ಕೊಡಿ. ಸ್ಕ್ರೀನಿನ ಮಸುಕು ಫೋಟೊ ಕಳಿಸಿದರೆ ಅವರಿಗೂ ಏನೂ ತಿಳಿಯುವುದಿಲ್ಲ. ಲಾಗ್ ಫೈಲ್, ಎಲ್ಲ ಕಾರ್ಡುಗಳ ವರ್ಷನ್ ಪಟ್ಟಿ, ಕಾನ್ಫಿಗರೇಷನ್ ಫೈಲ್ ಮೂರನ್ನೂ ಸೇರಿಸಿ ಕಳಿಸಿ.